ಮತ್ತೆ ಯೂನಿಫಾರ್ಮ್: ಐದು ಜನ ಒಟ್ಟಿಗೆ ಕೂತು ‘ಗಾಬ್ಲಿನ್’ ನೋಡಿದ ಪ್ರಕರಣ

‘ಗಾಬ್ಲಿನ್’ ಅನ್ನುವ ಕೊರಿಯನ್ ಧಾರಾವಾಹಿ ನೋಡಿದ ಈ ಗುಂಪಿನಲ್ಲಿ ನಾನೂ ಇದ್ದೆ. ಉಳಿದ ನಾಲ್ವರ ಹೆಸರು ಬರೆಯುವುದಿಲ್ಲ, ಅವರೇ ಬೇಡ ಅಂದರು. ಟೀಚರಮ್ಮ, ಎಡಿಟರ್, ಬ್ಯಾಂಕಿನವರು, ಹುಡುಗಿ ಅಂತ ಇಟ್ಟುಕೊಳ್ಳೋಣ. ಟೀಚರಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಎಡಿಟರ್ ಮದುವೆ ವಿಡಿಯೋ ಎಡಿಟ್ ಮಾಡುವವನು, ಏನು ನೋಡಿದರೂ ‘ಇಲ್ಲಿ ಹತ್ತು ಸೆಕೆಂಡ್ ಜಾಸ್ತಿ ಆಯ್ತು’ ಅನ್ನುತ್ತಾನೆ. ಬ್ಯಾಂಕಿನವರು ಏನು ನೋಡಿದರೂ ಅಳುತ್ತಾರೆ. ಹುಡುಗಿ ಬಿಕಾಂ ಎರಡನೇ ವರ್ಷ. ಕೊರಿಯನ್ ಧಾರಾವಾಹಿ ನೋಡಿ ನೋಡಿ ಆ ಭಾಷೆ ಅರ್ಧಂಬರ್ಧ ಅರ್ಥವಾಗುವಷ್ಟು ಪಳಗಿದ್ದಾಳೆ.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಎರಡು ಕಂತು, ಮಧ್ಯೆ ಕಾಫಿ. ನಾಲ್ಕು ಕಂತು ಆದಮೇಲೆ ಕೈ ಎತ್ತಿ ವೋಟು, ಬಹುಮತ ಇಲ್ಲದಿದ್ದರೆ ಆ ಧಾರಾವಾಹಿ ಅಲ್ಲಿಗೆ ಮುಗೀತು. ಇದು ನಮ್ಮ ನಿಯಮ. ‘ಗಾಬ್ಲಿನ್’ ವಿಷಯದಲ್ಲಿ ಈ ನಿಯಮ ಎರಡನೇ ಕಂತಿಗೇ ಮುರಿದುಬಿತ್ತು.

ಏನಿದು ಧಾರಾವಾಹಿ

ಕೊರಿಯಾದ ಟಿವಿಎನ್ ಅನ್ನುವ ಕೇಬಲ್ ಚಾನೆಲ್‌ನಲ್ಲಿ 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ ಬಂದ 16 ಕಂತುಗಳ ಕಥೆ ಇದು. ಬರೆದವರು ಕಿಮ್ ಉನ್-ಸುಕ್, ನಿರ್ದೇಶನ ಲೀ ಉಂಗ್-ಬೊಕ್. ಮೊದಲ ಕಂತಿನ ರೇಟಿಂಗ್ ಶೇಕಡಾ 6ರ ಆಸುಪಾಸು ಇತ್ತು, ಕೊನೆಯ ಕಂತು ಶೇಕಡಾ 18 ದಾಟಿತು. ಅಲ್ಲಿನ ಕೇಬಲ್ ಟಿವಿಗೆ ಅದು ದೊಡ್ಡ ಮಾತು. 2017ರ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ ಟಿವಿ ವಿಭಾಗದ ಅತಿ ದೊಡ್ಡ ಗೌರವ ಕಥೆ ಬರೆದವರಿಗೇ ಸಿಕ್ಕಿತು, ನಾಯಕ ಗೊಂಗ್ ಯೂಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಕಥೆ ಹೀಗೆ. ಗೊರ್ಯೊ ಅನ್ನುವ ಹಳೇ ಕೊರಿಯನ್ ರಾಜವಂಶದ ಕಾಲದ ಸೇನಾಪತಿ ಕಿಮ್ ಶಿನ್. ಯುದ್ಧ ಗೆದ್ದು ಬಂದವನನ್ನು ಹೊಟ್ಟೆಕಿಚ್ಚಿನ ಎಳೆ ರಾಜ ಕೊಲ್ಲಿಸುತ್ತಾನೆ. ಸತ್ತವನು ದೊಕ್ಕೇಬಿಯಾಗಿ, ಅಂದರೆ ಇಂಗ್ಲಿಷ್ ಹೆಸರಿನ ‘ಗಾಬ್ಲಿನ್’ ಆಗಿ ಎದ್ದು ಬರುತ್ತಾನೆ, ಎದೆಯಲ್ಲಿ ಕತ್ತಿ ಹಾಗೇ ನೆಟ್ಟಿರುತ್ತದೆ. ಕೊರಿಯಾದ ಜನಪದದ ದೊಕ್ಕೇಬಿ ಹಳೇ ಪೊರಕೆಯಂಥ ಬಿಸಾಡಿದ ವಸ್ತುಗಳಿಂದ ಹುಟ್ಟುವ ತುಂಟ ಜೀವಿ, ಕುಸ್ತಿ ಅಂದರೆ ಪ್ರಾಣ. ಈ ಕಥೆಯಲ್ಲಿ ಪೊರಕೆಯ ಜಾಗಕ್ಕೆ ಕತ್ತಿ ಬಂದಿದೆ, ತುಂಟತನದ ಜಾಗಕ್ಕೆ ಶಾಪ. ಅವನಿಗೆ ಸಾವಿಲ್ಲ. ಹತ್ತಿರದವರೆಲ್ಲ ಮುದುಕರಾಗಿ ಸಾಯುವುದನ್ನು 900ಕ್ಕೂ ಹೆಚ್ಚು ವರ್ಷ ನೋಡುತ್ತಾನೆ. ಆ ಕತ್ತಿ ಕಣ್ಣಿಗೆ ಕಾಣುವುದು, ಅದನ್ನು ಕೀಳಲು ಆಗುವುದು ‘ದೊಕ್ಕೇಬಿಯ ವಧು’ ಒಬ್ಬಳಿಗೆ ಮಾತ್ರ. ಕಿತ್ತರೆ ಅವನಿಗೆ ಬಿಡುಗಡೆ, ಅಂದರೆ ಸಾವು.

ವಧು ಯಾರು? ಜಿ ಉನ್-ತಾಕ್. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ, ಕೊರಿಯನ್ ಲೆಕ್ಕದಲ್ಲಿ 19. ಅಲ್ಲಿನ ಹಳೇ ಲೆಕ್ಕದಲ್ಲಿ ಹುಟ್ಟಿದ ಕೂಡಲೇ ಒಂದು ವರ್ಷ, ಆಮೇಲೆ ಪ್ರತಿ ಜನವರಿಗೆ ಒಂದು. ಹಾಗಾಗಿ ನಮ್ಮ ಲೆಕ್ಕದಲ್ಲಿ ಇನ್ನೂ ಚಿಕ್ಕವಳು.

ಎಲ್ಲಿ ಕೆಟ್ಟಿತು

ಮೊದಲ ಕಂತಿನಲ್ಲೇ ಈ ಹುಡುಗಿ ಅವನ ಹಿಂದೆ ಒಂದು ಬಾಗಿಲು ದಾಟಿ ಸೀದಾ ಕೆನಡಾದ ಕ್ವಿಬೆಕ್‌ಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಕೆಂಪು ಮೇಪಲ್ ಎಲೆಗಳ ನಡುವೆ ‘ನಿಮ್ಮನ್ನೇ ಮದುವೆ ಆಗ್ತೀನಿ, ಐ ಲವ್ ಯೂ’ ಅನ್ನೋ ಅರ್ಥದ ಮಾತು ಹೇಳಿಬಿಡುತ್ತಾಳೆ. ನೋಡಲು ಬಹಳ ಚೆನ್ನಾಗಿದೆ. ಬ್ಯಾಂಕಿನವರ ಕಣ್ಣಲ್ಲಿ ಆಗಲೇ ನೀರು. ಟೀಚರಮ್ಮ ಕಾಫಿ ಲೋಟ ಕೆಳಗಿಟ್ಟರು.

‘ಆ ಮಗು ಅವನನ್ನ ಏನಂತ ಕರೀತಿದೆ?’

ಹುಡುಗಿ ಹೇಳಿದಳು, ‘ಆಜೊಶಿ ಅಂತ, ಮಿಸ್.’

‘ಹಾಗಂದ್ರೆ?’

‘ಅಂಕಲ್ ಥರ. ಆದ್ರೆ ಅಂಕಲ್ ಅಲ್ಲ. ಅಲ್ಲಿ ಅಂಗಡಿಯವರಿಗೂ ಆಜೊಶಿ, ಟ್ಯಾಕ್ಸಿಯವರಿಗೂ ಆಜೊಶಿ.’

‘ನಮ್ಮಲ್ಲೂ ಆಟೋದವರಿಗೆ ಅಂಕಲ್ ಅಂತೀವಿ ಪುಟ್ಟಿ. ಮದುವೆ ಆಗ್ತೀನಿ ಅನ್ನಲ್ಲ.’

ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಆ ಪದ ‘ಮಿಸ್ಟರ್’ ಆಗಿ ಸಪ್ಪಗಾಗಿತ್ತು. ಸಬ್‌ಟೈಟಲ್ ಮಾತ್ರ ಓದಿದ್ದರೆ ನಮಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಕಿವಿಗೆ ಬಿದ್ದ ಪದದ ಅರ್ಥ ಗೊತ್ತಾದ ಮೇಲೆ ಪ್ರತಿ ‘ಆಜೊಶಿ’ಗೂ ಟೀಚರಮ್ಮನ ಹುಬ್ಬು ಗಂಟಾಗುತ್ತಿತ್ತು. ನಟರ ವಯಸ್ಸಿನಲ್ಲೂ ಅಂತರ ಕಾಣುತ್ತದೆ. ಗೊಂಗ್ ಯೂ ಹುಟ್ಟಿದ್ದು 1979, ಉನ್-ತಾಕ್ ಪಾತ್ರದ ಕಿಮ್ ಗೊ-ಉನ್ 1991.

ಹುಡುಗಿ ಬಿಡಲಿಲ್ಲ. ಅವನೇನು ಬೆನ್ನು ಹತ್ತುತ್ತಿಲ್ಲ, ದೂರ ಹೋಗು ಅನ್ನುತ್ತಾನೆ, ಇವಳೇ ಹಿಂದೆ ಬೀಳುವುದು ಅಂದಳು. ಆಗ ಟೀಚರಮ್ಮ ಹೇಳಿದ ಮಾತು ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಸರಿ ಅನ್ನಿಸಿದ್ದು: ‘ಅದೇ ನೋಡು ಉಪಾಯ. ಮಾತನ್ನ ಹುಡುಗಿ ಬಾಯಲ್ಲಿ ಇಟ್ರೆ ಗಂಡಸು ಒಳ್ಳೆಯವನಾಗಿ ಉಳೀತಾನೆ.’

ಎರಡನೇ ಕಂತಿನ ಕೊನೆಯಲ್ಲಿ ರೌಡಿಗಳು ಎತ್ತಿಕೊಂಡು ಹೋದ ಉನ್-ತಾಕ್‌ಳನ್ನು ಬಿಡಿಸಲು ದೊಕ್ಕೇಬಿಯೂ ಅವನ ಮನೆಯಲ್ಲಿ ಬಾಡಿಗೆಗಿರುವ ಯಮದೂತನೂ ಉದ್ದ ಕೋಟು ಹಾಕಿಕೊಂಡು ಕತ್ತಲ ರಸ್ತೆಯಲ್ಲಿ ಮಂಜಿನೊಳಗಿಂದ ನಡೆದು ಬರುತ್ತಾರಲ್ಲ, ಆ ಹೊತ್ತಿಗೆ ಎಡಿಟರ್ ಸೋಫಾದಿಂದ ಎದ್ದು ನಿಂತಿದ್ದ. ಟೀಚರಮ್ಮನೂ ಎದ್ದಿದ್ದರು, ಆದರೆ ಚಪ್ಪಲಿ ಹಾಕಿಕೊಳ್ಳಲು.

ನಾಲ್ಕು ಕಂತಿನವರೆಗೆ ಕಾಯುವುದಕ್ಕೆ ಆಗಲಿಲ್ಲ, ಅಲ್ಲೇ ವೋಟು ಹಾಕಿದೆವು. ಹುಡುಗಿ, ಎಡಿಟರ್ ಇರಲಿ ಅಂದರು. ಟೀಚರಮ್ಮ ಬೇಡ. ಬ್ಯಾಂಕಿನವರು ಅತ್ತುಕೊಂಡೇ ‘ಬೇಡ, ನನಗೂ ಮನೇಲಿ ಮಗಳಿದ್ದಾಳೆ’ ಅಂದರು. ಎರಡಕ್ಕೆ ಎರಡು. ಎಲ್ಲರೂ ನನ್ನ ಮುಖ ನೋಡಿದರು. ನಾನು ಇನ್ನೆರಡು ವಾರ ನೋಡೋಣ ಅಂದೆ. ಜಾಣತನದಿಂದ ಅಲ್ಲ, ನನಗೆ ಯಮದೂತನ ಕಥೆ ಗೊತ್ತಾಗಬೇಕಿತ್ತು, ಅಷ್ಟೇ.

ಮೊದಲ ಪ್ರಯೋಗ: ತಲೆಯಲ್ಲಿ ಉಳಿದದ್ದು ಯಾವುದು

ನೋಡಿದ ಕೂಡಲೇ ಜಗಳ ಆಡುವುದು ಬೇಡ ಅಂತ ಒಪ್ಪಂದ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಎದ್ದಾಗ ಇದುವರೆಗೆ ನೋಡಿದ್ದರಲ್ಲಿ ಯಾವ ದೃಶ್ಯ ನೆನಪಿದೆಯೋ ಅದನ್ನು ಒಂದೇ ಸಾಲಿನಲ್ಲಿ ವಾಟ್ಸಾಪ್‌ನಲ್ಲಿ ನನಗೊಬ್ಬಳಿಗೇ ಕಳಿಸಬೇಕು. ಬೇರೆಯವರದ್ದು ನೋಡುವ ಹಾಗಿಲ್ಲ.

ಕೆಲವು ವಾರದ ಮೆಸೇಜುಗಳನ್ನು ಸಾಲಾಗಿ ಓದಿದಾಗ ನನಗೇ ಆಶ್ಚರ್ಯವಾಯಿತು. ನಾಯಕ ನಾಯಕಿಯ ಪ್ರೇಮದ ದೃಶ್ಯ ಬರೆದವರು ಕಡಿಮೆ. ಹುಡುಗಿಯೂ ಬರೆದಿರಲಿಲ್ಲ! ಬಹುಪಾಲು ಬಂದದ್ದು ಎರಡು ಜಾಗದಿಂದ.

ಒಂದು, ದೊಕ್ಕೇಬಿಯ ಮನೆ. ಅವನು ಇಲ್ಲದಾಗ ಅವನನ್ನು ನೋಡಿಕೊಳ್ಳುವ ಮನೆತನದ ಪೋಲಿ ಮೊಮ್ಮಗ ಆ ಮನೆಯನ್ನು ಯಮದೂತನಿಗೆ ಲೀಸ್‌ಗೆ ಕೊಟ್ಟುಬಿಟ್ಟಿರುತ್ತಾನೆ. ವಾಪಸ್ ಬಂದ ಓನರ್ ಹೊರಗೆ ಹೋಗು ಅನ್ನುತ್ತಾನೆ, ಬಾಡಿಗೆದಾರ ಅಗ್ರಿಮೆಂಟ್ ತೋರಿಸುತ್ತಾನೆ. ಬೆಂಗಳೂರಲ್ಲಿ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ಮಾಂಸ ಸುಡುತ್ತಾನೆ, ಇನ್ನೊಬ್ಬ ಬರೀ ಸೊಪ್ಪು ತರಕಾರಿ. ಒಬ್ಬ ಸಾಯಲಾರದವನು, ಇನ್ನೊಬ್ಬ ಸಾಯಿಸುವ ಡ್ಯೂಟಿಯವನು, ಇಬ್ಬರೂ ಊಟದ ಟೇಬಲ್ ಮೇಲೆ ಚಿಕ್ಕ ಮಕ್ಕಳ ಹಾಗೆ ಕಿತ್ತಾಡುತ್ತಾರೆ. ಮಂಜಿನೊಳಗಿಂದ ನಡೆದು ಬರುವ ಆ ಭಾರೀ ದೃಶ್ಯವನ್ನು ಸ್ವಲ್ಪ ಸಮಯದ ನಂತರ ಅವರೇ ಗೇಲಿ ಮಾಡಿಕೊಳ್ಳುತ್ತಾರೆ. ಅದೇ ನಡಿಗೆ, ಅದೇ ಗತ್ತು, ಕೈಯಲ್ಲಿ ಮಾತ್ರ ಈರುಳ್ಳಿ ಸೊಪ್ಪಿನ ಚೀಲ. ತನ್ನ ದೊಡ್ಡಸ್ತಿಕೆಯನ್ನು ತಾನೇ ನೋಡಿ ನಗುವ ಬರವಣಿಗೆ ಇದು, ನಮ್ಮ ಐದೂ ಜನಕ್ಕೆ ಇಷ್ಟವಾಯಿತು.

ಎರಡನೇದು ಯಮದೂತನ ಚಹಾ ಅಂಗಡಿ. ಸತ್ತವರು ಬಂದು ಕೂರುತ್ತಾರೆ, ಅವನು ಒಂದು ಬಟ್ಟಲು ಚಹಾ ಕೊಡುತ್ತಾನೆ, ಕುಡಿದರೆ ಈ ಜನ್ಮ ಮರೆತುಹೋಗುತ್ತದೆ. ಕೊರಿಯಾದ ಹಳೇ ನಂಬಿಕೆಯ ಜೊಸುಂಗ್-ಸಾಜಾ ಕಪ್ಪು ಟೋಪಿ, ಕಪ್ಪು ನಿಲುವಂಗಿಯವನು. ಇಲ್ಲಿ ಅವನು ಹ್ಯಾಟು ಕೋಟು ಹಾಕಿಕೊಂಡು ಫೈಲು ಹಿಡಿದ ಸರ್ಕಾರಿ ನೌಕರ. ಆ ಪಾತ್ರದ ಲೀ ಡೊಂಗ್-ವುಕ್ ಮುಖದಲ್ಲಿ ಏನೂ ತೋರಿಸದೆ ಎಲ್ಲವನ್ನೂ ತೋರಿಸುತ್ತಾನೆ. ಕಣ್ಣು ಕಾಣದ ಒಬ್ಬ ಮನುಷ್ಯ ಸತ್ತು ಬಂದಾಗ, ಅವನಿಗೆ ದಾರಿ ತೋರಿಸುತ್ತಿದ್ದ ನಾಯಿ ಮೊದಲೇ ಸತ್ತಿದ್ದು, ಬಾಗಿಲ ಹತ್ತಿರ ಕಾಯುತ್ತಿರುತ್ತದೆ. ಬ್ಯಾಂಕಿನವರು ಆ ವಾರ ಕಳಿಸಿದ್ದು ಒಂದೇ ಪದ: ‘ನಾಯಿ.’

ಟೀಚರಮ್ಮ ಬರೆದದ್ದು ಪ್ಯಾರಿಸ್‌ನ ಹುಡುಗನ ಬಗ್ಗೆ. ದತ್ತು ಹೋದ ಮನೆಯಲ್ಲಿ ಏಟು ತಿಂದು ಓಡಿಹೋಗುವ ಕೊರಿಯನ್ ಹುಡುಗನಿಗೆ ಕಿಮ್ ಶಿನ್ ಒಂದು ಸ್ಯಾಂಡ್‌ವಿಚ್ ಕೊಟ್ಟು, ಪರೀಕ್ಷೆಯ ಒಂದು ಪ್ರಶ್ನೆಗೆ ಸರಿ ಉತ್ತರವನ್ನೂ ಹೇಳಿಬಿಡುತ್ತಾನೆ. ಹುಡುಗ ಆ ಉತ್ತರ ಬರೆಯುವುದಿಲ್ಲ, ತನಗೆ ಬಂದ ತಪ್ಪು ಉತ್ತರವನ್ನೇ ಬರೆಯುತ್ತಾನೆ. ಮುಂದೆ ಲಾಯರ್ ಆಗಿ, ನಾಲ್ಕು ಜನಕ್ಕೆ ಆಸರೆಯಾಗಿ, ಮುದುಕನಾಗಿ ಸತ್ತು ಅದೇ ಚಹಾ ಅಂಗಡಿಗೆ ಬರುತ್ತಾನೆ. ‘ಇದನ್ನ ಬರೆದವರೇ ಆ ಅಂಕಲ್ ಕಥೆನೂ ಬರೆದಿದ್ದಾರಾ?’ ಅಂತ ಕೆಳಗೆ ಸೇರಿಸಿದ್ದರು. ಅಲ್ಲಿಂದ ಅವರು ಚಪ್ಪಲಿ ಹುಡುಕಲಿಲ್ಲ.

ಈ ಪ್ರಯೋಗದಿಂದ ನಮಗೆ ಹೊಳೆದದ್ದು ಇಷ್ಟು. ಧಾರಾವಾಹಿ ತನ್ನ ಕೇಂದ್ರ ಅಂತ ಯಾವುದನ್ನು ತೋರಿಸುತ್ತದೋ ಅಲ್ಲಿ ಅದು ತೆಳ್ಳಗಿದೆ, ಪಕ್ಕದಲ್ಲಿ ಗಟ್ಟಿಯಾಗಿದೆ. ಯಮದೂತ ಮತ್ತು ಚಿಕನ್ ಅಂಗಡಿಯ ಸನ್ನಿಯ ಜೋಡಿಯನ್ನೇ ನೋಡಿ. ಇವನಿಗೆ ಹೆಸರಿಲ್ಲ, ಹಿಂದಿನ ಜನ್ಮದ ನೆನಪಿಲ್ಲ. ಅವಳು ಮಾತಿನ ಮಲ್ಲಿ. ಇಬ್ಬರೂ ವಯಸ್ಸಿಗೆ ಬಂದವರು, ಕೆಲಸ ಮಾಡಿ ತಿನ್ನುವವರು. ಅವರ ಹಳೇ ಜನ್ಮದ ಲೆಕ್ಕ ಬಿಚ್ಚಿಕೊಂಡಾಗ, ಅಂದರೆ ಅವನೇ ಕಿಮ್ ಶಿನ್‌ನನ್ನು ಕೊಲ್ಲಿಸಿದ ರಾಜ ಮತ್ತು ಅವಳೇ ಕಿಮ್ ಶಿನ್‌ನ ತಂಗಿ, ಆ ರಾಜನ ರಾಣಿ ಅಂತ ಗೊತ್ತಾದಾಗ, ಅಷ್ಟು ದಿನ ನಗಿಸಿದ ಮನೆಯೇ ಮೈಮೇಲೆ ಕುಸಿದ ಹಾಗಾಗುತ್ತದೆ. ಒಂದೇ ಸೂರಿನಡಿ ತಿಂದು ಉಂಡು ಕಿತ್ತಾಡಿದ ಗೆಳೆಯನೇ ಕೊಂದವನು. ನಗುವಿಗಾಗಿ ಹಾಕಿದ ಅಡಿಪಾಯ ಅಳುವಿಗೂ ಅದೇ ಅಡಿಪಾಯ ಆಯಿತಲ್ಲ, ಅದು ಕಸುಬು ಗೊತ್ತಿದ್ದವರ ಕೆಲಸ.

ಎರಡನೇ ಪ್ರಯೋಗ: ಓಡಿಸಿ ನೋಡುವುದು. ಕೆಟ್ಟ ಐಡಿಯಾ.

ಕಂತು ಒಂದೊಂದೂ ಗಂಟೆಗಿಂತ ಜಾಸ್ತಿ ಇರುತ್ತದೆ. ಅದೇ ಹಾಡು ಮತ್ತೆ ಮತ್ತೆ, ಈಗಷ್ಟೇ ನೋಡಿದ ದೃಶ್ಯದ ಫ್ಲಾಶ್‌ಬ್ಯಾಕ್. ಮಧ್ಯೆ ಮಧ್ಯೆ ಕಾಫಿ, ತಂಪು ಪಾನೀಯ, ಚಿಕನ್ ಎಲ್ಲ ಕ್ಯಾಮೆರಾ ಕಡೆ ಮುಖ ಮಾಡಿ ಕೂತಿರುತ್ತವೆ. ಕೊರಿಯಾದ ಟಿವಿಯಲ್ಲಿ 2010ರಿಂದ ಕಥೆಯೊಳಗೆ ಹೀಗೆ ಸರಕು ತೋರಿಸಲು ಕಾನೂನಿನ ಒಪ್ಪಿಗೆ ಇದೆ. ಇಷ್ಟು ದುಬಾರಿ ಧಾರಾವಾಹಿಗೆ ಆ ದುಡ್ಡು ಬೇಕು ಅನ್ನುವುದೂ ನಿಜ. ಆದರೆ ಒಬ್ಬ ಪಾತ್ರ ಸಾವಿನ ಬಗ್ಗೆ ಮಾತಾಡುವಾಗ ನಮ್ಮ ಕಣ್ಣು ಬಾಟಲಿಯ ಲೇಬಲ್ ಮೇಲೆ ಹೋದರೆ ತಪ್ಪು ನಮ್ಮದಲ್ಲ.

‘ಕೊಡಿ ರಿಮೋಟು, ಮುಕ್ಕಾಲು ಗಂಟೆಗೆ ಇಳಿಸ್ತೀನಿ’ ಅಂದ ಎಡಿಟರ್. ಒಂದು ಶನಿವಾರ ಹಾಗೇ ನೋಡಿದೆವು. ಅವನು ಹಾರಿಸಿದ್ದು ನಿಧಾನದ ತುಣುಕುಗಳನ್ನು ಮಾತ್ರ. ಆದರೆ ಈ ಕಥೆ ತನ್ನ ಗುಟ್ಟನ್ನು ಇಡುವುದೇ ಅಂಥ ತುಣುಕುಗಳಲ್ಲಿ. ಯಮದೂತ ಒಂದು ಹಳೇ ಚಿತ್ರದ ಸುರುಳಿ ನೋಡಿ ಯಾಕೆ ಅಂತ ಗೊತ್ತಿಲ್ಲದೆ ಅಳುತ್ತಾನೆ, ಒಂದು ಉಂಗುರ ಕೈಯಿಂದ ಕೈಗೆ ಹೋಗುತ್ತದೆ. ಅಂಥವನ್ನು ಬಿಟ್ಟರೆ ಮುಂದಿನ ಪೆಟ್ಟು ಬೀಳುವುದೇ ಇಲ್ಲ. ಟೀಚರಮ್ಮ ‘ಈ ರಾಣಿ ಯಾರು?’ ಅಂತ ಮೂರು ಸಲ ಕೇಳಿದರು. ಮುಂದಿನ ವಾರ ಅದೇ ಕಂತುಗಳನ್ನು ಪೂರ್ತಿ ನೋಡಬೇಕಾಯಿತು, ಒಂದು ವಾರ ದಂಡ. ಎಡಿಟರ್ ಒಪ್ಪಿಕೊಂಡ: ‘ಕೊಬ್ಬು ಇದೆ, ಆದರೆ ಎಲುಬಿಗೆ ಅಂಟಿಕೊಂಡಿದೆ.’

ಕತ್ತಿ

ನನ್ನ ಪ್ರಕಾರ ಈ ಧಾರಾವಾಹಿಯ ಬೆನ್ನೆಲುಬು ಒಂದು ನಿಯಮ. ಕತ್ತಿ ಕಿತ್ತರೆ ಅವನು ಸಾಯುತ್ತಾನೆ. ಕೀಳದಿದ್ದರೆ ಅವಳಿಗೆ ಮತ್ತೆ ಮತ್ತೆ ಸಾವು ಬಂದು ಕಾಡುತ್ತದೆ, ಯಾಕೆಂದರೆ ತಾಯಿಯ ಹೊಟ್ಟೆಯಲ್ಲೇ ಸಾಯಬೇಕಿದ್ದವಳನ್ನು ಅವನೇ ಉಳಿಸಿದ್ದು. ಇಬ್ಬರಲ್ಲಿ ಒಬ್ಬರು ಬೆಲೆ ಕೊಡಲೇಬೇಕು. ಇದು ಗೊತ್ತಾದ ಮೇಲೆ ಅವರಿಬ್ಬರ ನಡುವಿನ ಸಣ್ಣ ನಗುವಿಗೂ ತೂಕ ಬರುತ್ತದೆ, ಪ್ರೇಮ ತೆಳ್ಳಗಿದೆ ಅಂತ ಗೊಣಗಿದ ನಾನೂ ಉಸಿರು ಬಿಗಿಹಿಡಿದೆ. ಅವನಿಗೆ ದುಃಖವಾದರೆ ಊರಿಗೆಲ್ಲ ಮಳೆ, ಖುಷಿಯಾದರೆ ಕಾಲವಲ್ಲದ ಕಾಲದಲ್ಲಿ ಹೂವು. ಅದೂ ಬರೀ ಅಲಂಕಾರ ಅಲ್ಲ, ಅವನು ಏನನ್ನೂ ಮುಚ್ಚಿಡಲಾರ ಅಂತ ಮಾತಿಲ್ಲದೆ ಹೇಳುವ ದಾರಿ.

13ನೇ ಕಂತಿನಲ್ಲಿ ಆ ನಿಯಮ ತನ್ನ ಬೆಲೆ ವಸೂಲಿ ಮಾಡುತ್ತದೆ. ಆ ರಾಜನ ಆಸ್ಥಾನದ ಹಳೇ ಖಳನ ಪ್ರೇತ ಉನ್-ತಾಕ್ ಮೈಮೇಲೆ ಬಂದಾಗ, ಕಿಮ್ ಶಿನ್ ಅವಳ ಕೈಯಿಂದಲೇ ಕತ್ತಿ ಕೀಳಿಸಿ ಪ್ರೇತವನ್ನು ಕಡಿದು, ತಾನೂ ಬೂದಿಯಾಗಿ ಗಾಳಿಯಲ್ಲಿ ಚದುರಿಹೋಗುತ್ತಾನೆ. ಆ ಖಳ ತೀರಾ ತಡವಾಗಿ ಬಂದು, ಕಪ್ಪು ನಾಲಿಗೆ ತೋರಿಸಿ ಹೆದರಿಸಿದ್ದು ಬಿಟ್ಟರೆ ಹೆಚ್ಚೇನೂ ಅಲ್ಲ ಅನ್ನುವ ದೂರು ನನಗಿದೆ. ಆದರೆ ದೃಶ್ಯ ನಿಲ್ಲುತ್ತದೆ. ಕಿಮ್ ಗೊ-ಉನ್ ಅಲ್ಲಿ ಅಳುವುದು ಅಳುವ ಹಾಗೆ ಇರಲಿಲ್ಲ, ಉಸಿರು ಕಟ್ಟಿದ ಹಾಗಿತ್ತು. ನಮ್ಮ ಹಾಲಿನಲ್ಲಿ ಯಾರೂ ಲೈಟ್ ಹಾಕಲಿಲ್ಲ.

‘ಇಲ್ಲಿಗೆ ಮುಗಿಸಬೇಕಿತ್ತು’ ಅಂದ ಎಡಿಟರ್.

ಕೊರಿಯಾದಲ್ಲಿ ಇದು ಪ್ರಸಾರವಾದಾಗಲೂ ಇಲ್ಲೇ ಒಂದು ತಡೆ ಬಂದಿತ್ತು. ಮರುದಿನ 14ನೇ ಕಂತು ಬರಬೇಕಿದ್ದ ಜಾಗದಲ್ಲಿ ವಿಶೇಷ ಕಾರ್ಯಕ್ರಮ ಹಾಕಿ, ಕೊನೆಯ ಮೂರು ಕಂತನ್ನು ಮುಂದಿನ ವಾರಕ್ಕೆ ತಳ್ಳಿದರು. ನಾವೂ ಬೇಕಂತಲೇ ಒಂದು ವಾರ ಬಿಟ್ಟೆವು. ಆ ವಾರದಲ್ಲಿ ಪ್ರತಿಯೊಬ್ಬರೂ ಮುಂದೆ ಏನಾಗಬೇಕು ಅಂತ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕಿತ್ತು. ಇದು ನಾವು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ. ನಮಗೆ ಏನು ಬೇಕು ಅನ್ನುವುದು ಮೊದಲೇ ಕಾಗದದ ಮೇಲೆ ಇದ್ದದ್ದರಿಂದ, ಆಮೇಲೆ ‘ನಂಗೆ ಮೊದಲೇ ಗೊತ್ತಿತ್ತು’ ಅನ್ನುವ ಸುಳ್ಳಿಗೆ ಜಾಗ ಉಳಿಯಲಿಲ್ಲ.

ಕೊನೆಯ ಮೂರು ಕಂತು ನನ್ನ ಮಟ್ಟಿಗೆ ಸಡಿಲ. ಎಲ್ಲರ ನೆನಪಿನಿಂದ ಕಿಮ್ ಶಿನ್ ಅಳಿಸಿಹೋಗುತ್ತಾನೆ. ಒಂಬತ್ತು ವರ್ಷ ಕಳೆಯುತ್ತದೆ, ಉನ್-ತಾಕ್ ರೇಡಿಯೋದಲ್ಲಿ ಕಾರ್ಯಕ್ರಮ ಮಾಡುವ 29ರ ಹೆಂಗಸಾಗಿರುತ್ತಾಳೆ. ಹಿಂದೆಂದೋ ಅವನಿಂದ ಬರೆಸಿಕೊಂಡಿದ್ದ ಕರಾರು ಪತ್ರವೇ ನೆಪ, ಅವನು ವಾಪಸ್. ಅಷ್ಟು ಹೊತ್ತು ಬೆಲೆ ಕೇಳುತ್ತಿದ್ದ ನಿಯಮ ಇದ್ದಕ್ಕಿದ್ದಂತೆ ಸಾಲ ಮನ್ನಾ ಮಾಡಿಬಿಟ್ಟ ಹಾಗೆ. ತಮಾಷೆ ಅಂದರೆ ಟೀಚರಮ್ಮನಿಗೆ ಹಿಡಿಸಿದ್ದು ಇದೇ ಭಾಗ. ‘ಈಗ ನೋಡೋಕೆ ಆಗುತ್ತೆ. ಹುಡುಗಿಗೆ ಸಂಬಳ ಬರ್ತಿದೆ, ಬೇಡ ಅನ್ನೋಕೂ ಗೊತ್ತು.’ ಬರವಣಿಗೆ ಗಟ್ಟಿಯಿದ್ದಾಗ ಸಂಬಂಧ ಒಪ್ಪಿಗೆಯಾಗಲಿಲ್ಲ, ಸಂಬಂಧ ಒಪ್ಪಿಗೆಯಾದಾಗ ಬರವಣಿಗೆ ಜಾರಿತ್ತು.

ಆಮೇಲೆ ಬರುವ ಲಾರಿ ಇದೆಯಲ್ಲ. ಮದುವೆಯಾದ ಮೇಲೆ, ಪುಟ್ಟ ಮಕ್ಕಳ ಬಸ್ಸಿಗೆ ಗುದ್ದಲು ಬರುವ ಲಾರಿಗೆ ಉನ್-ತಾಕ್ ತನ್ನ ಕಾರು ಅಡ್ಡ ಹಾಕಿ ಸಾಯುತ್ತಾಳೆ. ಮನುಷ್ಯನ ತ್ಯಾಗ ದೇವರ ಲೆಕ್ಕಕ್ಕೂ ಸಿಗದ್ದು ಅನ್ನುವುದು ವಾದ. ಮಾತಾಗಿ ಚೆನ್ನಾಗಿದೆ. ಆದರೆ ಹೊಟ್ಟೆಯಲ್ಲಿದ್ದಾಗ ತಾಯಿಗೆ ಕಾರು ಗುದ್ದಿ ಶುರುವಾದ ಕಥೆ ಮತ್ತೆ ರಸ್ತೆಯಲ್ಲೇ ಮುಗಿಯಬೇಕಾ? ಎಡಿಟರ್‌ಗೆ ಇದು ಸುತ್ತು ಪೂರ್ತಿಯಾದ ಹಾಗೆ ಕಂಡಿತು, ನನಗೆ ಬರೆದವರಿಗೆ ಸುಸ್ತಾದ ಹಾಗೆ ಕಂಡಿತು. ಈ ಜಗಳ ಇನ್ನೂ ಮುಗಿದಿಲ್ಲ. ಸತ್ತವಳು ಮರೆವಿನ ಚಹಾ ಬೇಡ ಅಂತ ಎದ್ದು ಹೋಗುವ ದೃಶ್ಯದ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಡಬ್ಬಿಯ ಚೀಟಿ ತೆಗೆದೆವು. ಎಡಿಟರ್: ‘ಅವನು ಬರಬಾರದು.’ ಬ್ಯಾಂಕಿನವರು: ‘ಎಲ್ಲರೂ ಬರಲಿ, ನಾಯಿನೂ.’ ಟೀಚರಮ್ಮ: ‘ಅವಳು ಓದಿ ಮುಂದೆ ಬರಲಿ.’ ನನ್ನದು ಯಮದೂತನ ಬಗ್ಗೆ, ಹೇಳಬೇಕಾಗಿಲ್ಲ. ಹುಡುಗಿಯ ಚೀಟಿಯಲ್ಲಿ ಇದ್ದದ್ದು: ‘ಅವಳು ಒಂದು ಸಲವಾದ್ರೂ ಅವನನ್ನ ಹೆಸರು ಹಿಡಿದು ಕರೀಲಿ.’ ಟೀಚರಮ್ಮ ಅದನ್ನು ಎರಡು ಸಲ ಓದಿ, ಮಡಿಸಿ, ತಮ್ಮ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಎರಡನೇ ಕಂತಿನ ದಿನ ಜೋರಾಗಿ ವಾದ ಮಾಡಿದವಳಿಗೂ ಆ ‘ಆಜೊಶಿ’ ಪದ ಅಷ್ಟು ದಿನ ಕಿವಿಯಲ್ಲಿ ಕುಟುಕುತ್ತಲೇ ಇತ್ತು ಅಂತ ಆಯ್ತು.

ಇನ್ನು ಇಂಥದ್ದನ್ನು ಗುಂಪಿನಲ್ಲಿ ನೋಡುವವರಿಗೆ ನಮ್ಮ ಅನುಭವದಿಂದ ಎರಡು ಮಾತು. ವೋಟನ್ನು ಜಗಳದ ದಿನವೇ ಹಾಕಬೇಡಿ. ಮತ್ತೆ, ‘ಚೆನ್ನಾಗಿದೆಯಾ ಇಲ್ವಾ’ ಅಂತ ಕೇಳಬೇಡಿ, ‘ಯಾವುದು ನೆನಪಿದೆ’ ಅಂತ ಕೇಳಿ. ಮೊದಲನೇ ಪ್ರಶ್ನೆಗೆ ನಮ್ಮವರು ಎರಡು ಪಕ್ಷವಾದರು, ಎರಡನೇದಕ್ಕೆ ಒಂದೇ ಮನೆಯೊಳಗೆ ಸಿಕ್ಕರು. ವಯಸ್ಸಿನ ಆಕ್ಷೇಪ ಇದರಿಂದ ಕರಗಲಿಲ್ಲ, ಕರಗಬೇಕಾಗಿಯೂ ಇರಲಿಲ್ಲ. ಯಮದೂತ ಎಷ್ಟೇ ಚೆನ್ನಾಗಿದ್ದರೂ ಅದು ಆ ತಪ್ಪಿಗೆ ಸಮಾಧಾನ ಅಲ್ಲ ಅಂತ ಟೀಚರಮ್ಮ ಕೊನೆವರೆಗೂ ಹೇಳುತ್ತಿದ್ದರು, ನನಗೂ ಹಾಗೇ ಅನ್ನಿಸುತ್ತದೆ.

ಕೊನೆಯ ಕಂತಿನ ಕೊನೆಯ ನಿಮಿಷಗಳು. ಯಮದೂತನೂ ಸನ್ನಿಯೂ ಒಟ್ಟಿಗೆ ಹೊರಟುಹೋಗಿ, ಪೊಲೀಸ್ ಮತ್ತು ನಟಿಯಾಗಿ ಮತ್ತೆ ಹುಟ್ಟಿ ಸಿಕ್ಕಿದ್ದಾಯಿತು. ಬ್ಯಾಂಕಿನವರ ಟಿಶ್ಯೂ ಖಾಲಿ. ಕಿಮ್ ಶಿನ್ ಕ್ವಿಬೆಕ್‌ನ ಗುಡ್ಡದ ಮೇಲೆ ಕೂತಿದ್ದಾನೆ. ಉನ್-ತಾಕ್ ಮರುಜನ್ಮ ಪಡೆದು ಬರುತ್ತಾಳೆ ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದೆವು. ಬಂದಳು. ಸ್ಕೂಲಿನಿಂದ ಪ್ರವಾಸ ಬಂದ ಹುಡುಗಿಯಾಗಿ.

‘ಅಯ್ಯೋ ರಾಮ, ಮತ್ತೆ ಯೂನಿಫಾರ್ಮ್!’

ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರು ಅತ್ತಿದ್ದು ಅದಕ್ಕೆ ಮೊದಲೋ ಆಮೇಲೋ ಗೊತ್ತಾಗಲಿಲ್ಲ. ಮುಂದಿನ ಶನಿವಾರಕ್ಕೆ ಯಾವುದು ಅಂತ ಕೇಳಿದಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: ‘ಕೊರಿಯಾದ್ದೇ ಇರಲಿ. ಆದರೆ ನಾಯಕಿ ಡಿಗ್ರಿ ಮುಗಿಸಿರಬೇಕು.’